ತಾರೀಕಪ್ಪನ ಮೂರು ಆಯ್ತುಗಳು

ನಮ್ಮ ಭಾವನಿಗೆ ಅವರ ತಾಯಿ ಇಟ್ಟ ಹೆಸರು ಬೇರೆ ಇದೆ. ಆದರೆ ಕಂಪನಿಯಲ್ಲಿ ಎಲ್ಲರೂ ಅವರನ್ನು ತಾರೀಕಪ್ಪ ಅನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನನಗಂತೂ ಅವರು ಮೇಲಧಿಕಾರಿ, ಸಾಲದ್ದಕ್ಕೆ ಅಕ್ಕನ ಗಂಡ. ಅವರ ಮೇಲೆ ನನಗೆ ಪ್ರೀತಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ನಮ್ಮದು ಬೆಂಕಿ ಆರಿಸುವ ಸಿಲಿಂಡರ್‌ಗಳನ್ನು ನೋಡಿಕೊಳ್ಳುವ ಕಂಪನಿ. ಶಾಲೆ, ಹೋಟೆಲು, ಗೋದಾಮುಗಳ ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರ್ ನೀವು ನೋಡಿರುತ್ತೀರಿ. ಅದರ ಕತ್ತಿನಲ್ಲಿ ನಾಣ್ಯದಷ್ಟು ಅಗಲದ ಒಂದು ಮೀಟರ್ ಇರುತ್ತದೆ. ಮುಳ್ಳು ಹಸಿರಿನಲ್ಲಿದ್ದರೆ ಒಳಗೆ ಒತ್ತಡ ಸರಿಯಾಗಿದೆ ಅಂತ. ಕೆಂಪಿಗೆ ಇಳಿದಿದ್ದರೆ ಆ ಸಿಲಿಂಡರು ಗೋಡೆಯ ಅಲಂಕಾರಕ್ಕೆ ಮಾತ್ರ. ಮೂರು ತಿಂಗಳಿಗೊಮ್ಮೆ ಮುಳ್ಳು ನೋಡಬೇಕು, ವರ್ಷಕ್ಕೊಮ್ಮೆ ಬಿಚ್ಚಿ ಒಳಗಿನ ಪುಡಿ ಬದಲಾಯಿಸಬೇಕು. ಒಂಬತ್ತು ವರ್ಷ ನಾನು ಮಾಡಿದ್ದು ಇದನ್ನೇ. ಅಷ್ಟೂ ವರ್ಷದಲ್ಲಿ ಒಂದು ಸಲವೂ ಬೆಂಕಿ ನೋಡಲಿಲ್ಲ. ನಮ್ಮ ವ್ಯವಹಾರವೆಲ್ಲ ತಾರೀಕಿನ ಜೊತೆ.

ಆ ತಾರೀಕುಗಳನ್ನೆಲ್ಲ ಭಾವ ಕಂಪ್ಯೂಟರಿನಲ್ಲಿ ಒಂದೇ ಒಂದು ಫೈಲಿನಲ್ಲಿ ಇಟ್ಟಿದ್ದರು. ಬಣ್ಣವಿಲ್ಲ, ಚೌಕವಿಲ್ಲ, ಬರೀ ಅಕ್ಷರ. ಕಂಪನಿಯ ಯಜಮಾನರು ಒಂದೆರಡು ಸಲ ಹೊಸ ಸಾಫ್ಟ್‌ವೇರ್ ತರಿಸೋಣ ಅಂದಾಗ, "ಬರೀ ಅಕ್ಷರ ಆದ್ರೆ ಯಾವ ಕಂಪ್ಯೂಟರಲ್ಲಾದ್ರೂ ತೆರ್ಕೊಳ್ಳತ್ತೆ ಸಾರ್, ಐವತ್ತು ವರ್ಷ ಆದ್ಮೇಲೂ ತೆರ್ಕೊಳ್ಳತ್ತೆ" ಅಂದು ಅವರ ಬಾಯಿ ಮುಚ್ಚಿಸಿದ್ದರು. ಒಂದು ಕೆಲಸಕ್ಕೆ ಒಂದು ಸಾಲು. ಸಾಲಿನ ತಲೆಯಲ್ಲಿ ‘ಬಾಕಿ’ ಅನ್ನುವ ಪದ, ಆಮೇಲೆ ಕೆಲಸ, ಆಮೇಲೆ ಗಡುವಿನ ತಾರೀಕು, ಅದರ ಬಾಲಕ್ಕೆ ಎಷ್ಟು ದಿನಕ್ಕೊಮ್ಮೆ ಅನ್ನುವ ಗುರುತು. ಕೆಲಸ ಮುಗಿದ ಮೇಲೆ ಒಂದು ಕೀ ಒತ್ತಿದರೆ ‘ಬಾಕಿ’ ಹೋಗಿ ‘ಆಯ್ತು’ ಅಂತ ಆಗುತ್ತದೆ. ಮತ್ತೆ ಮತ್ತೆ ಬರುವ ಕೆಲಸವಾದರೆ, ಆ ಕ್ಷಣವೇ ತಾರೀಕು ಮೂರು ತಿಂಗಳೋ ಒಂದು ವರ್ಷವೋ ಮುಂದಕ್ಕೆ ಹಾರಿ, ಸಾಲು ಪುನಃ ‘ಬಾಕಿ’ ಆಗಿ ಮರೆಯಾಗುತ್ತದೆ. ಹೊಸ ತಾರೀಕು ಬರುವ ತನಕ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೀ ಒತ್ತಿದ ದಿನ, ಗಂಟೆ, ನಿಮಿಷ ಮಾತ್ರ ಸಾಲಿನ ಕೆಳಗೆ ಸಣ್ಣದಾಗಿ ಉಳಿಯುತ್ತದೆ.

ಬೆಳಗ್ಗೆ ಒಂಬತ್ತಕ್ಕೆ ನಾವು ಆರು ಜನ ಮೆಕ್ಯಾನಿಕ್‌ಗಳು ಅವರ ಮೇಜಿನ ಮುಂದೆ ನಿಲ್ಲಬೇಕು. ಗಡುವು ಮೀರಿದ ಸಾಲುಗಳು ಫೈಲಿನ ನೆತ್ತಿಯಲ್ಲಿ ಬಂದು ಕೂತಿರುತ್ತವೆ. ಅವನ್ನು ಗಟ್ಟಿಯಾಗಿ ಓದುವರು. "ಹಿಟ್ಟಿನ ಗಿರಣಿ, ನಾಲ್ಕು ಸಿಲಿಂಡರು, ಎರಡು ದಿನ ತಡ." ಬೈಯುತ್ತಿರಲಿಲ್ಲ. ಓದಿ ಸುಮ್ಮನೆ ನಿಮ್ಮ ಮುಖ ನೋಡುವರು. ಬೈದಿದ್ದರೆ ವಾಸಿ ಅನಿಸುತ್ತಿತ್ತು. ಒಬ್ಬ ಹಳೆಯ ಮೆಕ್ಯಾನಿಕ್ಕು ತನ್ನ ತಂದೆ ಸತ್ತ ಮೂರನೆಯ ದಿನ ಬಂದಾಗಲೂ "ಮೂರು ದಿನ ತಡ" ಅಂತಲೇ ಓದಿದ್ದರು. ಸಾವು ಫೈಲಿನಲ್ಲಿ ಇರಲಿಲ್ಲ, ಕೆಲಸ ಇತ್ತು.

ಮನೆಗೂ ಅದೇ ಫೈಲು. ಸಂಜೆ ಏಳಕ್ಕೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುವರು. ನೀರಿನ ಫಿಲ್ಟರ್ ತೊಳೆಯುವುದು, ಹಾಸಿಗೆ ಬಿಸಿಲಿಗೆ ಹಾಕುವುದು, ಅತ್ತೆಗೆ ಫೋನ್ ಮಾಡುವುದು. ಅತ್ತೆ ಅಂದರೆ ನಮ್ಮಮ್ಮ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಫೋನು ಬರುತ್ತಿತ್ತು, ಅಮ್ಮ ಹತ್ತಕ್ಕೇ ಒಲೆ ಆರಿಸಿ ಕಾದು ಕೂರುವಳು. ಅಕ್ಕನ ಹುಟ್ಟಿದ ದಿನವೂ ಒಂದು ಸಾಲು. "ಆ ಸಾಲು ಅಳಿಸಿ ಹೋದ್ರೆ ನಾನು ಹುಟ್ಟೇ ಇಲ್ಲ ಅಂತಾರೋ ಏನೋ" ಅನ್ನುವಳು ಅಕ್ಕ. ಹೇಳಿ ನಗುವಳು. ಹದಿನೆಂಟು ವರ್ಷ ಅವಳು ಆ ಮನೆಯಲ್ಲಿ ಹಾಗೇ ನಗುತ್ತಾ ದಿನ ದೂಡಿದಳು. ಒಂದು ತಾರೀಕನ್ನೂ ತಾನಾಗಿ ನೆನಪಿಟ್ಟುಕೊಳ್ಳುವ ಕಷ್ಟ ಅವಳಿಗೆ ಬರಲಿಲ್ಲ. ಆ ಅಭ್ಯಾಸವೇ ತಪ್ಪಿಹೋಗಿತ್ತು.

ಅಂಥ ಮನೆಗೆ ಅಕ್ಕನ ಕಣ್ಣಿನ ಕಾಯಿಲೆ ಬಂತು. ಕಣ್ಣಿನ ಒಳಗೆ ಒತ್ತಡ ಏರುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ನೋಟ ಅಂಚಿನಿಂದ ಒಳಕ್ಕೆ ಸದ್ದಿಲ್ಲದೆ ಸವೆಯುತ್ತಾ ಬರುತ್ತದೆ, ಹೋದ ನೋಟ ವಾಪಸ್ ಬರುವುದಿಲ್ಲ. ದಿನಾ ಎರಡು ಹೊತ್ತು ಹನಿ ಹಾಕಬೇಕು. ಮೂರು ತಿಂಗಳಿಗೊಮ್ಮೆ ಬಂದು ಒತ್ತಡ ತೋರಿಸಬೇಕು, ಯಾಕಂದರೆ ಹನಿ ಒಂದೊಂದು ಸಲ ನಾಟುವುದನ್ನು ನಿಲ್ಲಿಸುತ್ತದೆ, ಅದು ರೋಗಿಗೆ ಗೊತ್ತಾಗುವುದೇ ಇಲ್ಲ ಎಂದು ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ಅಕ್ಕ ನನಗೆ ಇದನ್ನು ಹೇಳಿದಾಗ, "ನಮ್ಮ ಸಿಲಿಂಡರ್ ಥರಾನೇ ಕಣಕ್ಕಾ, ಮುಳ್ಳು ನೋಡ್ತಾ ಇರ್ಬೇಕು" ಅಂದೆ. ಭಾವ ಅದೇ ದಿನ ಸಾಲು ಬರೆದರು. ‘ಬಾಕಿ. ಕಣ್ಣಿನ ಒತ್ತಡ ತೋರಿಸುವುದು. ಮೂರು ತಿಂಗಳಿಗೊಮ್ಮೆ.’ ಮೊದಮೊದಲು ತಾವೇ ಜೊತೆಗೆ ಹೋದರು. ಆಮೇಲೆ, "ದಾರಿ ಗೊತ್ತಲ್ಲ, ಹೋಗಿ ಬಾ" ಅಂದರು.

ಈಗ ನನ್ನ ಕೆಲಸ ಹೋದ ಕಥೆ. ಅದಕ್ಕೆ ಮೊದಲು ಒಂದು ಮಾತು ಹೇಳಬೇಕು. ಮಾಡಿ ಮುಗಿಸಿದವನು ನಮ್ಮಲ್ಲಿ ‘ಆಯ್ತು’ ಅನ್ನುತ್ತಾನೆ. ಮಾಡುತ್ತೇನೆ ಅಂತ ಒಪ್ಪಿಕೊಳ್ಳುವವನೂ ‘ಆಯ್ತು’ ಅನ್ನುತ್ತಾನೆ. ಮಾಡುವ ಮನಸ್ಸೇ ಇಲ್ಲದೆ, ಎದುರಿಗಿದ್ದವರು ಬಾಯಿ ಮುಚ್ಚಿದರೆ ಸಾಕು ಅನ್ನುವವನೂ ‘ಆಯ್ತು, ಆಯ್ತು’ ಅನ್ನುತ್ತಾನೆ. ಯಾವುದು ಯಾವ ಆಯ್ತು ಅಂತ ಮುಖ ನೋಡಿ ತಿಳಿಯಬೇಕು. ಭಾವ ಸಾಲು ನೋಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ನಾನು ಸ್ಕೂಟರಿನಲ್ಲಿದ್ದಾಗ ಅವರ ಫೋನು ಬಂತು. "ಹಾಸ್ಟೆಲ್ಲು, ಮೂರನೇ ಮಹಡಿ?" ಅಂದರು. ಅವರ ಮಾತು ಯಾವಾಗಲೂ ಅಷ್ಟೇ, ಸಾಲನ್ನು ಓದಿದ ಹಾಗೆ. ನಾಳೆ ಹೋಗು ಅನ್ನುತ್ತಿದ್ದಾರೆ ಅಂದುಕೊಂಡು ನಾನು "ಆಯ್ತು" ಅಂದೆ. ಮುಗಿಸಿದ್ದಾನೆ ಅಂದುಕೊಂಡು ಅವರು ಕೀ ಒತ್ತಿದರು. ಮಾರನೆಯ ದಿನ ನನ್ನನ್ನು ಬೇರೆ ಕಡೆ ಕಳಿಸಿದರು, ಹಾಸ್ಟೆಲ್ಲಿಗೆ ಅವರೇ ಇನ್ಯಾರನ್ನೋ ಹಾಕಿರಬೇಕು ಅಂದುಕೊಂಡೆ. ಏಪ್ರಿಲ್‌ನಲ್ಲಿ ತಪಾಸಣೆಯವರು ಬಂದು ನೋಡಿದರೆ ಆರು ಸಿಲಿಂಡರಿನ ಮುಳ್ಳೂ ಕೆಂಪಿನಲ್ಲಿ.

ಯಜಮಾನರ ಕೋಣೆಯಲ್ಲಿ ಭಾವ ಫೈಲು ತೆರೆದು ತೋರಿಸಿದರು. ಫೆಬ್ರವರಿ ಹನ್ನೊಂದು, ನಾಲ್ಕು ಗಂಟೆ ಇಪ್ಪತ್ತು ನಿಮಿಷ, ಆಯ್ತು.

"ನಾನು ಹೋಗ್ತೀನಿ ಅನ್ನೋ ಅರ್ಥದಲ್ಲಿ ಅಂದಿದ್ದು ಭಾವ," ಅಂದೆ.

"ಅರ್ಥ ಫೈಲಲ್ಲಿ ಇರಲ್ಲ," ಅಂದರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನೀನು ಅಂದಿದ್ದು ಆಯ್ತು ಅಂತ ತಾನೆ?"

ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು: ನನ್ನ ಕಿವಿ ತಪ್ಪಿರಬಹುದು ಸಾರ್, ಅಂತ. ಹೇಳಲಿಲ್ಲ. ಹೇಳಿದರೆ ಫೈಲಿನಲ್ಲಿ ಸುಳ್ಳಿದೆ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಂಜೆಯೊಳಗೆ ನನ್ನ ಒಂಬತ್ತು ವರ್ಷದ ಕೆಲಸ ಹೋಯಿತು. ಅಕ್ಕ ಎಂಟು ದಿನ ಗಂಡನ ಜೊತೆ ಮಾತು ಬಿಟ್ಟಳು. ಭಾವನಿಗೆ ಅದು ಗೊತ್ತಾಗಲು ಮೂರು ದಿನ ಹಿಡಿಯಿತಂತೆ. ನನಗೆ ಒಂದು ನಲ್ಲಿ-ಪೈಪಿನ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಮನೆಯ ವಾಷರ್ ಅಳತೆ ಕೇಳುತ್ತಾ ನಿಲ್ಲುವಾಗ ನನಗೆ ಒಂದೇ ಯೋಚನೆ: ಆ ಮನುಷ್ಯನ ಮೂಗಿನ ಕೆಳಗೆ ಆ ಫೈಲು ಸುಳ್ಳು ಹೇಳಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು.

ಅಂಥ ಅವಕಾಶ ಜೂನ್‌ನಲ್ಲಿ ತಾನಾಗಿ ಬಂತು. ನಾನು ವಾರಕ್ಕೆರಡು ಸಲ ಅಕ್ಕನನ್ನು ನೋಡಲು ಹೋಗುತ್ತಿದ್ದೆ, ಹೆಚ್ಚಾಗಿ ಭಾವ ಬರುವ ಮೊದಲು. ಒಂದು ದಿನ ಅಕ್ಕ ಚಹಾ ಕೊಡುತ್ತಾ, "ಒಂದು ತಮಾಷೆ ಕೇಳು" ಅಂದಳು. ಒಂಬತ್ತನೆಯ ತಾರೀಕು ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಭಾವ ಮೇಜಿನಿಂದ "ಕಣ್ಣಿನ ಒತ್ತಡ?" ಅಂತ ಕೂಗಿದರಂತೆ. ನಾಳೆ ಹೋಗ್ತೀನಿ ಅನ್ನುವ ಹಾಗೆ ಇವಳು "ಆಯ್ತು" ಅಂದಳಂತೆ. ಎರಡು ವಾರವಾದರೂ ಅವರು ಮತ್ತೆ ಕೇಳಿಲ್ಲ.

"ಒತ್ತಿಬಿಟ್ಟಿದಾರೆ ಕಣೋ. ನಿನಗೆ ಒತ್ತಿದ ಹಾಗೇ ನನಗೂ."

ನಾನು ಚಹಾ ಕೆಳಗಿಟ್ಟು ನಕ್ಕೆ. ತಿಂಗಳುಗಳಾಗಿತ್ತು ಹಾಗೆ ನಕ್ಕು. "ಹೇಳ್ಬೇಡಕ್ಕಾ. ಅವರಾಗೇ ಕಂಡುಹಿಡೀತಾರಾ ನೋಡೋಣ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಮನುಷ್ಯ. ಒಂದು ದಿನ ನಾನು ಎದುರಿಗೆ ಕೂತು ತೋರಿಸ್ತೀನಿ."

"ಹೇಳಲ್ಲ ಬಿಡು. ನನ್ನ ಪಾಡಿಗೆ ನಾನು ಹೋಗಿ ತೋರಿಸ್ಕೊಂಡು ಬರ್ತೀನಿ."

"ಈ ವಾರಾನೇ ಹೋಗ್ಬೇಕು ಮತ್ತೆ."

"ಆಯ್ತು," ಅಂದಳು ಅಕ್ಕ.

ಆ ಆಯ್ತು ಯಾವ ಆಯ್ತು ಅಂತ ನಾನೂ ಅವಳ ಮುಖ ನೋಡಲಿಲ್ಲ. ಆ ವಾರ ಅವಳು ಹೋಗಲಿಲ್ಲ. ಮುಂದಿನ ವಾರ ನೆಂಟರು ಬಂದರು, ಅದರ ಮುಂದಿನ ವಾರ ಹೊರಟವಳು ಬಸ್ಸು ತಪ್ಪಿತು ಅಂತ ವಾಪಸ್ ಬಂದಳು. ಹದಿನೆಂಟು ವರ್ಷ ಫೈಲು ಎಬ್ಬಿಸಿದಾಗ ಎದ್ದವಳಿಗೆ ತಾನಾಗಿ ಏಳುವುದು ಬರಲಿಲ್ಲ. ನಾನು ಕೇಳಿದಾಗಲೆಲ್ಲ, "ಎಲ್ಲೋ, ಆಗ್ಲೇ ಇಲ್ಲ" ಅನ್ನುವಳು. ಅದನ್ನು ಕೇಳಿ ನನಗೆ ಆಗುತ್ತಿದ್ದುದು ಚಿಂತೆಯಲ್ಲ, ಖುಷಿ. ಹೋಗದಿದ್ದಷ್ಟೂ ಫೈಲಿನ ಸುಳ್ಳು ದೊಡ್ಡದಾಗುತ್ತಿತ್ತು. ಒಂಬತ್ತು ವರ್ಷ ಮುಳ್ಳು ನೋಡಿ ಹೊಟ್ಟೆ ಹೊರೆದವನು ನಾನು, ಅಕ್ಕನ ಕೈ ಹಿಡಿದು ಆಸ್ಪತ್ರೆಗೆ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ.

ಸೆಪ್ಟೆಂಬರ್ ಒಂಬತ್ತಕ್ಕೆ ನಾನು ಬೇಕೆಂದೇ ಏಳು ಗಂಟೆಗೆ ಅವರ ಮನೆಗೆ ಹೋದೆ. ಭಾವ ನನ್ನನ್ನು ನೋಡಿ ತಲೆಯಾಡಿಸಿ ಲ್ಯಾಪ್‌ಟಾಪ್ ತೆರೆದರು. ಫಿಲ್ಟರ್ ಓದಿದರು, ಹಾಸಿಗೆ ಓದಿದರು. "ಕಣ್ಣಿನ ಒತ್ತಡ?" ಅಂದರು. ಅಕ್ಕ ನನ್ನನ್ನು ಓರೆಗಣ್ಣಿನಿಂದ ನೋಡಿ, "ಆಯ್ತು" ಅಂದಳು. ಅವರು ತಲೆ ಎತ್ತದೆ ಒತ್ತಿದರು. ಅವರು ಕೈ ತೊಳೆಯಲು ಎದ್ದು ಹೋದಾಗ ನಾವಿಬ್ಬರೂ ಬಾಯಿಗೆ ಸೆರಗು, ಕರವಸ್ತ್ರ ತುರುಕಿಕೊಂಡು ನಕ್ಕೆವು. ಚಿಕ್ಕವರಿದ್ದಾಗ ಅಪ್ಪನ ಬೆನ್ನ ಹಿಂದೆ ಹೀಗೇ ನಗುತ್ತಿದ್ದೆವು. ಡಿಸೆಂಬರ್ ಒಂಬತ್ತಕ್ಕೂ ಇದೇ ಆಟ. ಆಗ ಅಕ್ಕ ನನ್ನನ್ನು ನೋಡಲು ಓರೆಗಣ್ಣು ಸಾಲದೆ ಇಡೀ ಮುಖ ತಿರುಗಿಸಿದಳು. ನಾನು ಅದನ್ನು ಕಂಡೆ, ಆದರೆ ನನ್ನ ಮನಸ್ಸೆಲ್ಲ ಭಾವನ ಬೆರಳಿನ ಮೇಲಿತ್ತು.

ಜನವರಿಯಲ್ಲಿ ಅಕ್ಕ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದಳು. ಮೆಟ್ಟಿಲ ಕೊನೆಯ ಹೆಜ್ಜೆ ತಪ್ಪಿದಳು. ಅರ್ಧ ತೆರೆದ ಕಪಾಟಿನ ಬಾಗಿಲಿಗೆ ಹಣೆ ಚಚ್ಚಿಕೊಂಡಳು, ಮೂರು ಹೊಲಿಗೆ ಬಿತ್ತು. ಭಾವ ಆವತ್ತು ಸಂಜೆ ಹೊಸ ಸಾಲು ಬರೆದರು. ‘ಕಪಾಟಿನ ಬಾಗಿಲು ಮುಚ್ಚುವುದು. ದಿನಾ.’ ಅವರಿಗೆ ಗೊತ್ತಿದ್ದ ಪ್ರೀತಿ ಅದೊಂದೇ ಇರಬಹುದು. ನನಗೆ ಅದು ಆಗ ನಗು ತಂದಿತ್ತು.

ಫೆಬ್ರವರಿಯಲ್ಲಿ ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕಣ್ಣಿನ ಒತ್ತಡ ನೋಡಿದರು, ಮತ್ತೊಮ್ಮೆ ನೋಡಿದರು.

"ಹನ್ನೊಂದು ತಿಂಗಳು ಎಲ್ಲಿ ಹೋಗಿದ್ರಿ ನೀವು?"

"ಬಂದಿದಾಳಲ್ಲ," ಅಂದರು ಭಾವ. "ಮೂರು ಸಲ ಬಂದಿದಾಳೆ." ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಡಾಕ್ಟರಮ್ಮನ ಮೇಜಿನ ಮೇಲಿನ ಕಾಗದ ಸರಿಸಿ, ಫೈಲು ತೆರೆದು ಅವರ ಕಡೆ ತಿರುಗಿಸಿದರು. ಜೂನ್ ಒಂಬತ್ತು, ಏಳು ಗಂಟೆ ಹತ್ತು ನಿಮಿಷ. ಸೆಪ್ಟೆಂಬರ್ ಒಂಬತ್ತು, ಏಳು ಗಂಟೆ ಎಂಟು ನಿಮಿಷ. ಡಿಸೆಂಬರ್ ಒಂಬತ್ತು, ಏಳು ಗಂಟೆ ಹನ್ನೆರಡು ನಿಮಿಷ. ಆಯ್ತು, ಆಯ್ತು, ಆಯ್ತು.

ಡಾಕ್ಟರಮ್ಮ ತಮ್ಮ ಪರದೆಯನ್ನು ಅವರ ಕಡೆ ತಿರುಗಿಸಿದರು. "ನಮ್ಮಲ್ಲಿ ಕೊನೇ ಸಲ ಬಂದಿದ್ದು ಹೋದ ಮಾರ್ಚ್ ಒಂಬತ್ತು. ಸಂಜೆ ಏಳು ಗಂಟೆಗೆ ಈ ವಿಭಾಗ ತೆರೆದಿರೋದೂ ಇಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು. ಹನಿ ನಾಟುವುದು ಯಾವತ್ತೋ ನಿಂತಿದೆ, ಎಡಗಣ್ಣು ಹೋಗಿದೆ, ಬಲಗಣ್ಣಲ್ಲಿ ನಡುವೆ ಒಂದಿಷ್ಟು ಉಳಿದಿದೆ, ಆಪರೇಷನ್ ಮಾಡಿ ನೋಡೋಣ, ಆಸೆ ಇಟ್ಟುಕೊಳ್ಳಬೇಡಿ ಅಂದರು.

ಹೊರಗಿನ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೂತೆವು. ಭಾವ ಇನ್ನೂ ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ನೀನು ಮೂರು ಸಲ ಆಯ್ತು ಅಂದಿದೀಯ."

"ಹೂಂ, ಅಂದಿದೀನಿ."

"ಮತ್ತೆ?"

"ಮೂರು ಸಲದಲ್ಲಿ ಒಂದು ಸಲನಾದ್ರೂ, ಡಾಕ್ಟ್ರು ಏನಂದ್ರು ಅಂತ ಕೇಳಿದ್ರಾ ನೀವು?"

ಭಾವ ಲ್ಯಾಪ್‌ಟಾಪ್ ಮುಚ್ಚಿದರು, ಮತ್ತೆ ತೆರೆದರು. ಇಷ್ಟು ದಿನ ಕಾದಿದ್ದು ಈ ಘಳಿಗೆಗೇ. ಫೈಲಿನ ಸುಳ್ಳು ಹೊರಬಿದ್ದಿತ್ತು, ತಾರೀಕಪ್ಪನ ಮುಖ ಬೆಪ್ಪಾಗಿತ್ತು, ನಾನು ಎದುರಿಗೇ ಕೂತಿದ್ದೆ. ಅವರು ತೋಡಿದ ಹಳ್ಳಕ್ಕೆ ಅವರು ಬಿದ್ದರು ಅನ್ನಬೇಕೆಂದು ತಿಂಗಳುಗಟ್ಟಲೆ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಆ ಹಳ್ಳಕ್ಕೆ ಬಿದ್ದಿದ್ದು ಅಕ್ಕ. ಮಣ್ಣು ತೋಡುವಾಗ ನಾನೂ ಕೈ ಹಾಕಿದ್ದೆ. ಅಕ್ಕ ಆ ದಿನ ನನ್ನ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಪರೇಷನ್ ಆಯಿತು, ಫಲಿಸಲಿಲ್ಲ. ವರ್ಷ ತುಂಬುವುದರೊಳಗೆ ಬಲಗಣ್ಣೂ ಹೋಯಿತು. ಭಾವ ಕಂಪನಿ ಬಿಟ್ಟು ಮನೆಯಲ್ಲೇ ಕೂತು ಯಾರ್ಯಾರದೋ ಕಾಗದಪತ್ರ ಟೈಪ್ ಮಾಡಿಕೊಡುತ್ತಾರೆ. ಫೈಲು ಇನ್ನೂ ಇದೆ. ಈಗ ಅದರಲ್ಲಿ ಅಕ್ಕನ ತಲೆ ಬಾಚುವುದು, ಉಗುರು ಕತ್ತರಿಸುವುದು, ಬಟ್ಟೆ ಎತ್ತಿಡುವುದು ಎಲ್ಲ ಇವೆ. ಮೊದಲು ಓದುವುದು ಅವರು, ಮಾಡುವುದು ಅಕ್ಕ. ಈಗ ಓದುವುದೂ ಅವರೇ, ಮಾಡುವುದೂ ಅವರೇ. ಅಕ್ಕ ಯಾವುದಕ್ಕೆ "ಆಯ್ತು" ಅಂದರೂ ಎದ್ದು ಹೋಗಿ ಮುಟ್ಟಿ ನೋಡುತ್ತಾರೆ. ಮಾತ್ರೆ ತಗೊಂಡೆಯಾ ಅಂದರೆ ಆಯ್ತು ಅನ್ನುತ್ತಾಳೆ, ಅವರು ಡಬ್ಬಿಯಲ್ಲಿ ಮಾತ್ರೆ ಎಣಿಸುತ್ತಾರೆ. ಕೆಲವು ಸಲ ತಗೊಂಡಿರುತ್ತಾಳೆ, ಕೆಲವು ಸಲ ಇಲ್ಲ. ಬೇಕೆಂದೇ ಹಾಗೆ ಮಾಡುತ್ತಾಳೆ ಅಂತ ನನಗೆ ಗುಮಾನಿ.

ಕಣ್ಣಿನ ಸಾಲನ್ನು ತೆಗೆದುಹಾಕಲು ಭಾವ ನೋಡಿದ್ದರು. ಅವರ ಫೈಲಿನಲ್ಲಿ ಸಾಲು ಸುಮ್ಮನೆ ಅಳಿಯುವ ಹಾಗಿಲ್ಲ. ‘ರದ್ದು’ ಅಂತ ಬರೆದು ಕೆಳಗೆ ಕಾರಣ ಬರೆಯಬೇಕು, ಅದು ಅವರೇ ಮಾಡಿದ ನಿಯಮ.

"ಕಾರಣ ಏನಂತ ಬರೀತೀರಾ?" ಅಂತ ಅಕ್ಕ ಕೇಳಿದಳಂತೆ.

ಅವರು ಬರೆದಿದ್ದ ‘ರದ್ದು’ವನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರಂತೆ.

"ಇರ್ಲಿ ಬಿಡಿ. ಮೂರು ತಿಂಗಳಿಗೊಮ್ಮೆ ಬರ್ಲಿ. ಬಂದಾಗ ನನಗೆ ಓದಿ ಹೇಳಿ."

ಹೋದ ಜೂನ್ ಒಂಬತ್ತಕ್ಕೆ ನಾನು ಅಲ್ಲಿದ್ದೆ. ಅಕ್ಕನೇ ಬರಲು ಹೇಳಿದ್ದಳು. ಏಳು ಗಂಟೆಗೆ ಭಾವ ಮೇಜಿನ ಮುಂದೆ ಕೂತರು. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ಫಿಲ್ಟರ್ ಓದಿದರು, ಹಾಸಿಗೆ ಓದಿದರು. ಆಮೇಲೆ, "ಬಾಕಿ. ಕಣ್ಣಿನ ಒತ್ತಡ ತೋರಿಸುವುದು. ಇವತ್ತು" ಅಂದರು. ಭಾವ ನನ್ನ ಕಡೆ ತಿರುಗಿದರು.

"ಒಂದು ಮಾತು ಕೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ಆ ಸೆಪ್ಟೆಂಬರಲ್ಲಿ ನೀನು ಇಲ್ಲೇ ಕೂತಿದ್ದೆ. ಡಿಸೆಂಬರಲ್ಲೂ ಇದ್ದೆ. ಅವಳು ಹೋಗಿಲ್ಲ ಅಂತ ನಿನಗೆ ಗೊತ್ತಿತ್ತಾ?"

ಆ ದನಿಯಲ್ಲಿ ಜಗಳವಿರಲಿಲ್ಲ. ಹೂಂ ಅನ್ನು ಅಂತ ಬೇಡಿಕೊಳ್ಳುವ ಹಾಗಿತ್ತು. ಹೊತ್ತ ಹೊರೆಗೆ ಇನ್ನೊಂದು ಹೆಗಲು ಸಿಕ್ಕರೆ ಸಾಕು ಅನ್ನುವ ಮುದುಕನ ದನಿ. ನಾನು ಹೂಂ ಅನ್ನಬೇಕಿತ್ತು.

"ಇಲ್ಲ ಭಾವ," ಅಂದೆ. "ಗೊತ್ತಿರಲಿಲ್ಲ."

ಅಕ್ಕ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಸ್ವಲ್ಪ ಗುರಿ ತಪ್ಪಿ, ನನ್ನ ಪಕ್ಕದ ಗೋಡೆಯನ್ನು ನೋಡಿದಳು.

"ಆಯ್ತು ಬಿಡು," ಅಂದಳು.

ಭಾವನ ಬೆರಳು ಕೀ ಮೇಲೆ ನಿಂತುಬಿಟ್ಟಿತು. "ಇದು ಯಾವ ಆಯ್ತು?" ಅಂತ ಮೆಲ್ಲಗೆ ಕೇಳಿದರು. ನನ್ನನ್ನು ಕೇಳಿದರೋ ಅವಳನ್ನು ಕೇಳಿದರೋ ತಿಳಿಯಲಿಲ್ಲ.

"ಒತ್ತಿ," ಅಂದಳು ಅಕ್ಕ.

ಒತ್ತಿದರು. ತಾರೀಕು ಸೆಪ್ಟೆಂಬರ್ ಒಂಬತ್ತಕ್ಕೆ ಹಾರಿತು. ಅಕ್ಕ ಕೈ ಚಾಚಿದಳು, ನಾನು ಚಹಾದ ಲೋಟವನ್ನು ಅವಳ ಬೆರಳುಗಳ ನಡುವೆ ಇಟ್ಟೆ. ಅವಳು ಲೋಟದ ಜೊತೆ ನನ್ನ ಬೆರಳನ್ನೂ ಹಿಡಿದುಕೊಂಡಳು, ಬಿಡಲಿಲ್ಲ. ಚಹಾ ಬಿಸಿಯಿತ್ತು.

"ಸೆಪ್ಟೆಂಬರ್ ಒಂಬತ್ತಕ್ಕೆ ನೀನೂ ಬಾ," ಅಂದಳು. "ಪ್ರತಿ ಸಲ ಬರ್ಬೇಕು."

ನಾನು ಆಯ್ತು ಅಂದೆ.